ಕಾಯುವುದು

ಇವತ್ತು ನನ್ನ ಕೆಲಸ ಏನೂ ಮಾಡದೆ ಇರುವುದು.
ಅದಕ್ಕೇ ಈ ಹೆಲ್ಮೆಟ್ಟು, ಬೆಳ್ಳಿ ಬಣ್ಣದ ಕೋಟು,
ಒಂಬತ್ತು ಸಾವಿರ ಲೀಟರ್ ನೀರಿನ ಗಾಡಿ.

ಈಸ್ತ್ರ್ ರನ್‌ವೇಯ ಆ ತುದಿಯಲ್ಲಿ ವಿಮಾನ.
ಒಳಗೆ ಜನರ ಬದಲು ನೀರಿನ ಪೀಪಾಯಿ, ಗಂಟುಗಂಟು ತಂತಿ.
ಹಾರುವ ಹಾಗೆ ಓಡಬೇಕು, ಹಾರಬಾರದು.
ಇನ್ನೇನು ನೆಲ ಬಿಟ್ಟಿತು ಅನ್ನುವಾಗ
ಪೈಲಟ್ಟು ಎರಡೂ ಕಾಲಲ್ಲಿ ತುಳಿಯಬೇಕು.
ಬ್ರೇಕು ಹೊಸದಲ್ಲ. ಬೇಕೆಂದೇ ಸವೆಸಿ ಸವೆಸಿ
ನಾಳೆ ಬಿಸಾಡುವ ಸ್ಥಿತಿಗೆ ತಂದದ್ದು.
ಮುದುಕನನ್ನೇ ಪರೀಕ್ಷೆಗೆ ಕೂರಿಸುವುದು ಇಲ್ಲಿನ ನಿಯಮ.

ನಿಂತ ಮೇಲೆ ಐದು ನಿಮಿಷ
ಯಾರೂ ಹತ್ತಿರ ಸುಳಿಯುವಂತಿಲ್ಲ.
ಒಂದು ಹನಿ ಬಿದ್ದರೂ ಫೇಲು.

ಗಾಡಿಯ ಮರೆಯಲ್ಲಿ ಒದೀಲ್ ಬಾರ್ತೆಸ್,
ವಿಲರ್ಬಾನ್‌ನ ಕುಲುಮೆಯಿಂದ ರಜೆ ಹಾಕಿ ಬಂದವಳು.
ಮಿಸ್ತ್ರಾಲ್ ಗಾಳಿಗೆ ಅವಳ ಮಾತು ಅರ್ಧ ಹಾರಿಹೋಗುತ್ತದೆ:
“ಇದು ಬಟ್ಟೆ, ಗೊತ್ತಾ? ಮೊದಲು ನೂಲು.
ಪದರದ ಮೇಲೆ ಪದರ ಇಟ್ಟು ಸೂಜಿಯಲ್ಲಿ ಚುಚ್ಚಿ
ಕುಲುಮೆಗಿಟ್ಟು ಗ್ಯಾಸು ಬಿಡ್ತೀವಿ, ವಾರಗಟ್ಟಲೆ.
ಕಾರ್ಬನ್ನು ಬಂದು ಸಂದುಸಂದಿನಲ್ಲಿ ಕೂರುತ್ತೆ,
ಹುಲ್ಲಿನ ಮೇಲೆ ಇಬ್ಬನಿ ಕೂರೋ ಹಾಗೆ.
ಅವಸರ ಮಾಡಿದರೆ ಮೇಲೆ ಮುಚ್ಚಿಕೊಂಡು ಒಳಗೆಲ್ಲ ಪೊಳ್ಳು.”
ಅವಳ ಅಜ್ಜಿ ಲಿಯೋನ್‌ನಲ್ಲಿ ರೇಷ್ಮೆ ನೇಯುತ್ತಿದ್ದಳಂತೆ.
“ಅವಳು ನೇಯ್ದದ್ದು ಜಾರುತ್ತಿತ್ತು.
ನಂದು ಹಿಡಿಯುತ್ತೆ.”

ನನಗೆ ಉಕ್ಕಿನ ಕಾಲ ಗೊತ್ತು.
ನಾನು ಸೇರಿದ ವರ್ಷ ಇದೇ ಡಾಂಬರಿನ ಮೇಲೆ
ಉಕ್ಕಿನ ಬಿಲ್ಲೆಗಳು ಒಂದಕ್ಕೊಂದು ಬೆಸೆದು
ಗಾಲಿ ತಿರುಗದೆ, ಎಳೆಯಲೂ ಆಗದೆ
ಇಡೀ ರಾತ್ರಿ ವಿಮಾನವನ್ನು ಅಲ್ಲೇ ಬಿಟ್ಟಿದ್ದೆವು.
ಮೂರನೇ ನಿಮಿಷಕ್ಕೇ ನಾನು ನೊರೆ ಹೊಡೆದಿದ್ದೆ.
ಎಂಜಿನಿಯರೊಬ್ಬ ಗಡಿಯಾರ ನೋಡಿ ಅಲ್ಲೇ ಅತ್ತುಬಿಟ್ಟ.
ತಪ್ಪು ಉಕ್ಕಿನದೋ ನನ್ನದೋ
ಇವತ್ತಿಗೂ ಯಾರೂ ಹೇಳಿಲ್ಲ.

ಬಂತು.
ಮೊದಲು ಸದ್ದೇ ಇಲ್ಲದ ಬಿಳಿ ಚುಕ್ಕೆ, ಆಮೇಲೆ ಸದ್ದು,
ಆಮೇಲೆ ನನ್ನ ಎದೆಗೂಡೊಳಗೇ ಸದ್ದು.
ಮೂತಿ ಮುಗ್ಗರಿಸಿ ತಗ್ಗಿತು. ನಿಂತಿತು.
ಯಾರೋ ಗಡಿಯಾರ ಒತ್ತಿದರು.

ಗಾಲಿಯ ಒಡಲಲ್ಲಿ ಕಂದು, ಕೆಂಪು,
ನೋಡನೋಡುತ್ತ ಕಿತ್ತಳೆ.
ಹಟ್ಟಹಗಲಲ್ಲೂ ಕಾಣುವ ನಿಗಿನಿಗಿ ಕೆಂಡ.
ಸುಟ್ಟ ಗ್ರೀಸಿನ ವಾಸನೆ ಗಾಳಿ ಹಿಡಿದು ಬಂತು.
ಕರಗಲೆಂದೇ ಇಟ್ಟ ಬಿರಡೆಗಳು ಕರಗಿ
ಉಸ್ಸೆಂದು ಒಂದೊಂದೇ ಟೈರು ಕುಸಿಯಿತು,
ದೂರದಿಂದ ನಡೆದು ಬಂದವರು
ಮಂಡಿ ಮಡಚಿ ಕೂರುವ ಹಾಗೆ.

ನನ್ನ ಬೆರಳು ಗುಂಡಿಯ ಮೇಲೆ.
ನಾಯಕ ಒನೋರಾನ ಕಣ್ಣು ನನ್ನ ಬೆರಳ ಮೇಲೆ.
ಒದೀಲ್ ನೆಲ ನೋಡುತ್ತ ಏನೋ ಎಣಿಸುತ್ತಿದ್ದಾಳೆ,
ಸೆಕೆಂಡಲ್ಲ, ಕುಲುಮೆಯ ದಿನಗಳಿರಬೇಕು.
ಬೇಲಿಯಾಚೆ ಕ್ರೋ ಬಯಲಿನ ಉರುಟು ಕಲ್ಲುಗಳ ನಡುವೆ
ಒಬ್ಬ ಕುರಿ ಕಾಯುತ್ತಿದ್ದಾನೆ.
ಇಲ್ಲಿ ಬಿಲ್ಲೆ ಕಾಯುತ್ತಿದೆ.
ನಾವು ಕಾಯುತ್ತಿದ್ದೇವೆ.

ನಾಲ್ಕು ದಾಟಿದ ಮೇಲೆ ಬಂತು ಅದು:
ಬಲಗಾಲಿಯ ಅಂಚಲ್ಲಿ ಬೆರಳುದ್ದದ ಜ್ವಾಲೆ.
ಇಪ್ಪತ್ತಾರು ವರ್ಷದ ಅಭ್ಯಾಸ ನನ್ನ ಮಣಿಕಟ್ಟಿಗೆ ಹರಿದುಬಂತು.
“ಬೇಡ,” ಅಂದ ಒನೋರಾ.
ಜ್ವಾಲೆ ಬಗ್ಗಿತು, ಎದ್ದಿತು, ಸುತ್ತ ನೋಡಿತು.
ತಿನ್ನಲು ಏನೂ ಸಿಗದೆ
ತಾನಾಗಿ ಹೋಯಿತು.

ಬಾವುಟ ಎದ್ದಾಗ ಯಾರೂ ಕುಣಿಯಲಿಲ್ಲ.
ಗಂಟೆಗಳ ಮೇಲೆ, ಬಿಸಿ ಇಳಿದ ಗಾಲಿ
ಕೈಯಲ್ಲಿ ದೂಡಿದರೆ ತಿರುಗಿತು.
ಒದೀಲ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.
“ಇಂಥ ದೊಡ್ಡ ಬೆಂಕಿಗೆಲ್ಲ ಇದು ಹೆದರಲ್ಲ.
ಇಳಿದಾದ ಮೇಲೆ ಗೇಟಿನ ತನಕ ತೆವಳುತ್ತಾರಲ್ಲ,
ತಣ್ಣಗಿದ್ದಾಗ ಮುಟ್ಟೋದು, ಬಿಡೋದು, ಮುಟ್ಟೋದು,
ಅದು ಇದನ್ನ ತಿನ್ನುತ್ತೆ.”

ಕಾಫಿ ಆರಿತ್ತು. ಆದರೂ ಕುಡಿದೆ.

ಈಗ ರಾತ್ರಿ ಊಟಕ್ಕೆ ಕೂತಿದ್ದೇನೆ.
ಬ್ರೆಡ್ಡು ಮುರಿಯಲು ಹೋದರೆ ಬಲಗೈ ಬೆರಳು ನೋಯುತ್ತಿದೆ,
ಏನೂ ಮಾಡದ
ಆ ಒಂದೇ ಬೆರಳು.